ಒಂದು ಸಿಲಿಂಡರ್‌ಗೆ ಎಷ್ಟು ಗಂಟೆ: ಜನರೇಟರ್ ಲೆಕ್ಕದ ಮೂರು ಶನಿವಾರಗಳು

ಮೇ 3, 2025, ಹ್ಯೂಸ್ಟನ್. ಕಳೆದ ವರ್ಷ ಜುಲೈ 8ರಂದು ಬೆರಿಲ್ ಚಂಡಮಾರುತ ಬಂದಾಗ ಈ ಪ್ರದೇಶದ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಹೋಯಿತು. ಫ್ರಿಜ್‌ನಲ್ಲಿ ಮಾವನವರ ಇನ್ಸುಲಿನ್ ಇತ್ತು. "ಜನರೇಟರ್‌ಗೆ ಒಂದು ಸಿಲಿಂಡರ್ ಅನಿಲ ಎಷ್ಟು ಹೊತ್ತು ಬರುತ್ತದಮ್ಮಾ?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಜೂನ್ 1ಕ್ಕೆ ಮತ್ತೆ ಚಂಡಮಾರುತದ ಕಾಲ ಶುರು. ಅಷ್ಟರೊಳಗೆ ಲೆಕ್ಕ ಕೈಯಲ್ಲಿರಬೇಕು.

ಇಲ್ಲಿ ಅಂಗಡಿಯಲ್ಲಿ ಬದಲಾಯಿಸಿಕೊಡುವ '20 ಪೌಂಡ್' ಪ್ರೊಪೇನ್ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ ತುಂಬಿರುವುದು 15 ಪೌಂಡ್, ಅಂದರೆ 6.8 ಕಿಲೋ. ಊರಿನ 14.2 ಕಿಲೋ ಸಿಲಿಂಡರ್‌ನಂತೆಯೇ ಇದರ ಮೇಲೂ ಖಾಲಿ ತೂಕ ನಮೂದಾಗಿರುತ್ತದೆ. ನನ್ನದರ ಕೊರಳಪಟ್ಟಿಯಲ್ಲಿ 17 ಪೌಂಡ್ ಎಂದು ಕೊರೆದಿದೆ. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿಗೆ ನೇತುಹಾಕಿದೆ: 14.5 ಕಿಲೋ. ಸರಿಯಾಗಿದೆ.

ಏನನ್ನೂ ಜೋಡಿಸದೆ ಜನರೇಟರನ್ನು ಒಂದು ಗಂಟೆ ಓಡಿಸಿದೆ. 400 ಗ್ರಾಂ ಹೋಯಿತು! ಬರೀ ಎಂಜಿನ್ ತಿರುಗಲು ಇಷ್ಟು ಬೇಕೆಂದು ನಾನು ಎಣಿಸಿರಲಿಲ್ಲ.

ಮೇ 10. ಇಂದು 1,500 ವ್ಯಾಟ್‌ನ ಹೀಟರ್ ಹಚ್ಚಿ ಓಡಿಸಿದೆ. ಗಂಟೆಗೆ 820 ಗ್ರಾಂ. ಹಾಗಾದರೆ ಮೊದಲ 400 ಗ್ರಾಂ ಎಂಜಿನ್‌ನ ಪಾಲು. ಅದರ ಮೇಲೆ ಪ್ರತಿ ಕಿಲೋವ್ಯಾಟ್‌ಗೆ ಸುಮಾರು 280 ಗ್ರಾಂ. ಫ್ರಿಜ್, ಎರಡು ಫ್ಯಾನ್, ದೀಪ, ಇಂಟರ್ನೆಟ್ ಎಲ್ಲ ಸೇರಿ ಸರಾಸರಿ 250 ವ್ಯಾಟ್. ಲೆಕ್ಕದ ಪ್ರಕಾರ ಗಂಟೆಗೆ 470 ಗ್ರಾಂ ಬೇಕು. ಎರಡು ಗಂಟೆ ಓಡಿಸಿ ತೂಗಿದರೆ 940 ಗ್ರಾಂ ಇಳಿದಿತ್ತು. ಆ ಕ್ಷಣದ ಸಂತೋಷವನ್ನು ಇಲ್ಲಿ ಬರೆದಿಡಲೇಬೇಕು.

ಒಂದು ಸಿಲಿಂಡರ್ ಹದಿನಾಲ್ಕು ಗಂಟೆ ಬರುತ್ತದೆ, ನಿಜ. ಆದರೆ ಸಿಗುವ ವಿದ್ಯುತ್ ಕೇವಲ ಮೂರೂವರೆ ಯೂನಿಟ್. ಒಂದು ಕಿಲೋ ಪ್ರೊಪೇನ್‌ನಲ್ಲಿ ಸುಮಾರು 14 ಯೂನಿಟ್‌ನಷ್ಟು ಶಾಖವಿದೆ, ಸಿಲಿಂಡರ್‌ಗೆ 95. ಉಳಿದದ್ದೆಲ್ಲ ಹೊಗೆಯಾಗಿ, ಬಿಸಿಯಾಗಿ, ಸದ್ದಾಗಿ ಹೋಯಿತು. ಕಡಿಮೆ ಹೊರೆಯಲ್ಲಿ ಹಗಲೂ ರಾತ್ರಿ ಓಡಿಸುವುದು ಉಳಿತಾಯವೆಂದೇ ನಾನು ನಂಬಿದ್ದೆ. ಅದು ತಪ್ಪು.

ಮೇ 24. ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಆದ್ದರಿಂದ ಎರಡು ಗಂಟೆ ಓಟ, ನಾಲ್ಕು ಗಂಟೆ ಬಿಡುವು, ದಿನಕ್ಕೆ ನಾಲ್ಕು ಸಲ. ಓಡುವಾಗ ಫ್ರಿಜ್ ಜತೆಗೆ ಕಿಟಕಿಯ ಎಸಿ, ಮೊಬೈಲ್, ಅಕ್ಕಿ ಕುಕ್ಕರ್; ಸರಾಸರಿ ಒಂದು ಕಿಲೋವ್ಯಾಟ್ ಹಿಡಿದರೂ ದಿನಕ್ಕೆ ಐದೂವರೆ ಕಿಲೋ ಅನಿಲ ಸಾಕು. ಬಿಡದೆ ಓಡಿಸಿದರೆ ಬರೀ 250 ವ್ಯಾಟ್‌ಗೇ ಹನ್ನೊಂದು ಕಿಲೋ ಬೇಕು. ಮೂರು ಸಿಲಿಂಡರ್‌ಗಳಲ್ಲಿ ತಲಾ ಅರ್ಧ ಕಿಲೋ ಲೆಕ್ಕದಿಂದ ಬಿಟ್ಟರೂ ಮೂರೂವರೆ ದಿನ. ಹಳೆಯ ರೀತಿಯಲ್ಲಿ ಎರಡು ದಿನವೂ ಇಲ್ಲ.

ಇನ್ನೆಷ್ಟು ಉಳಿದಿದೆ ಎಂದು ತಿಳಿಯಲು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಬೇಕೆಂದು ಅತ್ತೆಯವರು ಶಿವಮೊಗ್ಗದಿಂದ ಫೋನಿನಲ್ಲಿ ಹೇಳಿದರು. ಇಲ್ಲಿನ ಸೆಕೆಯಲ್ಲಿ ಬಟ್ಟೆಯೂ ಬೇಕಾಗಲಿಲ್ಲ. ದ್ರವ ಆವಿಯಾಗುತ್ತಾ ಲೋಹದ ಶಾಖವನ್ನು ಎಳೆದುಕೊಳ್ಳುವುದರಿಂದ, ದ್ರವವಿರುವ ಎತ್ತರದವರೆಗೆ ಸಿಲಿಂಡರ್ ಬೆವರಿತ್ತು. ಮೇಲಿನ ಭಾಗ ಒಣಗಿತ್ತು. ನಡುವೆ ಗೆರೆ ಎಳೆದಂತಿತ್ತು. ಚಳಿಗಾಲದಲ್ಲಿ ಇದೇ ತಂಪು ಅನಿಲದ ಒತ್ತಡವನ್ನು ಇಳಿಸುತ್ತದೆ, ಹಾಗಾಗಿ ಫೆಬ್ರವರಿಯ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು.

ಎಲ್ಲ ಪರೀಕ್ಷೆಗಳನ್ನೂ ಮನೆಯಿಂದ 20 ಅಡಿಗೂ ದೂರದಲ್ಲಿ, ಹೊಗೆಕೊಳವೆಯನ್ನು ಆಚೆ ತಿರುಗಿಸಿಯೇ ಮಾಡಿದ್ದೇನೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಈ ಒಂದು ವಿಷಯದಲ್ಲಿ ಯಾರೂ ರಿಯಾಯಿತಿ ತೆಗೆದುಕೊಳ್ಳಬೇಡಿ.

ಮೂರು ಸಿಲಿಂಡರ್‌ಗಳಿಗೂ ಖಾಲಿ ತೂಕದ ಚೀಟಿ ಅಂಟಿಸಿದ್ದಾಯಿತು. ಮುಂದಿನ ಶನಿವಾರ ಫ್ರಿಜ್ ಮತ್ತು ಎಸಿ ಒಟ್ಟಿಗೆ ಚಾಲೂ ಆಗುವ ಕ್ಷಣದ ಜಗ್ಗನ್ನು ಎಂಜಿನ್ ತಾಳುತ್ತದೆಯೇ ಎಂದು ನೋಡಬೇಕು.