ಹೆಲ್ಮೆಟ್ ಸೈಜು ಸರಿ, ಆಕಾರ?

ಮಾರ್ಚ್ 9, 2025, ಭಾನುವಾರ

ರೋಡ್ ಬೈಕಿಗೆ, ಅಂದರೆ ರಸ್ತೆಯಲ್ಲಿ ವೇಗವಾಗಿ ತುಳಿಯುವ ಸೈಕಲ್ಲಿಗೆ, ಹೆಲ್ಮೆಟ್ ಕೊಳ್ಳುವವರು ಮೊದಲು ಕೇಳುವುದು ತೂಕ ಎಷ್ಟು ಗ್ರಾಂ ಅಂತ. ಆಮೇಲೆ ಗಾಳಿಕಿಂಡಿ, ಆಮೇಲೆ ಬಣ್ಣ. ಸೈಜು ನೆನಪಾಗುವುದು ಕೊನೆಗೆ. ಆಕಾರದ ಮಾತನ್ನಂತೂ ಹೆಚ್ಚಿನವರು ಎತ್ತುವುದೇ ಇಲ್ಲ. ಹಾಗಾಗಿ ಇವತ್ತಿನ ಪುಟ ಈ ಕೊನೆಯ ಎರಡಕ್ಕೆ ಮೀಸಲು.

ಅಳತೆ ಸುಲಭ. ದರ್ಜಿಗಳು ಬಳಸುವ ಬಟ್ಟೆಯ ಟೇಪು ಸಾಕು, ಇಲ್ಲದಿದ್ದರೆ ಹಿಗ್ಗದ ದಾರ ಮತ್ತು ಸ್ಕೇಲು. ಹುಬ್ಬಿನಿಂದ ಸುಮಾರು 2.5 ಸೆಂ.ಮೀ. ಮೇಲೆ ಹಣೆಗೆ ಟೇಪು ಹಿಡಿದು, ಎರಡೂ ಕಿವಿಗಳ ಮೇಲಿಂದ ಹಾಯಿಸಿ, ಹಿಂದಲೆ ಅತಿ ಹೆಚ್ಚು ಉಬ್ಬಿರುವ ಜಾಗಕ್ಕೆ ತರಬೇಕು. ಟೇಪು ಹಿಂದೆ ಜಾರಿ ಕತ್ತಿನ ಕಡೆಗೆ ಇಳಿದರೆ ಅಳತೆ ಕಡಿಮೆ ಬರುತ್ತದೆ, ಎಲ್ಲರೂ ಎಡವುವುದು ಅಲ್ಲೇ. ಮೂರು ಸಲ ಅಳೆದು ದೊಡ್ಡ ಅಂಕಿಯನ್ನು ಇಟ್ಟುಕೊಳ್ಳಿ. ಸವಾರಿಯಲ್ಲಿ ಜಡೆ ಹೆಣೆಯುವವರು, ಟೋಪಿ ಹಾಕುವವರು ಅದೇ ಸ್ಥಿತಿಯಲ್ಲಿ ಅಳೆಯಬೇಕು. ಸಾಮಾನ್ಯವಾಗಿ ಎಸ್ ಅಂದರೆ 51–55, ಎಂ ಅಂದರೆ 55–59, ಎಲ್ ಅಂದರೆ 59–63 ಸೆಂ.ಮೀ. ಕಂಪನಿಯಿಂದ ಕಂಪನಿಗೆ ಒಂದು ಸೆಂ.ಮೀ. ಆಚೀಚೆ ಇರುವುದರಿಂದ ಆಯಾ ಕಂಪನಿಯ ಪಟ್ಟಿಯನ್ನೇ ನೋಡಬೇಕು. ಗಡಿಯಲ್ಲಿರುವ ತಲೆಗೆ, ಅಂದರೆ 55ಕ್ಕೋ 59ಕ್ಕೋ, ಎರಡೂ ಸೈಜು ಹಾಕಿ ನೋಡದೆ ಬೇರೆ ದಾರಿಯಿಲ್ಲ. ಹಿಂಬದಿಯ ಡಯಲನ್ನು (ಒಳಪಟ್ಟಿಯನ್ನು ಬಿಗಿ ಮಾಡುವ ತಿರುಗುಗುಂಡಿ) ಕೊನೆಯವರೆಗೂ ತಿರುಗಿಸಿದ ಮೇಲಷ್ಟೇ ಹಿಡಿತ ಸಿಕ್ಕಿತೋ, ಹೆಲ್ಮೆಟ್ ದೊಡ್ಡದು. ಡಯಲ್ ಪೂರ್ತಿ ಸಡಿಲವಿದ್ದಾಗಲೇ ಬಿಗಿಯಾಯಿತೋ, ಚಿಕ್ಕದು. ಸರಿಯಾದ ಸೈಜಿನಲ್ಲಿ ಡಯಲ್ ನಡುದಾರಿಯಲ್ಲಿ ನಿಲ್ಲುತ್ತದೆ.

ಇನ್ನು ಆಕಾರ. ನೆತ್ತಿಯ ಮೇಲಿಂದ ನೋಡಿದರೆ ಕೆಲವರ ತಲೆ ಹೆಚ್ಚುಕಮ್ಮಿ ದುಂಡಗಿರುತ್ತದೆ, ಕೆಲವರದು ಮುಂದಿನಿಂದ ಹಿಂದಕ್ಕೆ ಉದ್ದ. ಇಬ್ಬರಿಗೂ ಟೇಪು 57 ಅಂತಲೇ ತೋರಿಸಬಹುದು, ಆದರೆ ಒಂದೇ ಹೆಲ್ಮೆಟ್ ಇಬ್ಬರಿಗೂ ಹೊಂದುವುದಿಲ್ಲ. ದುಂಡು ತಲೆಯವರು ಉದ್ದ ಅಚ್ಚಿನ ಹೆಲ್ಮೆಟ್ ಹಾಕಿದರೆ ಎರಡೂ ಕಣತಲೆಗಳಲ್ಲಿ ಹಿಂಡುತ್ತದೆ, ಹಣೆಯ ಮುಂದೆ ಮಾತ್ರ ಬೆರಳು ತೂರುವಷ್ಟು ಸಂದು. ಉದ್ದ ತಲೆಯವರು ದುಂಡು ಅಚ್ಚಿನದು ಹಾಕಿದರೆ ಹಣೆಯ ನಡುವೆ ಒತ್ತುತ್ತದೆ, ಪಕ್ಕಗಳಲ್ಲಿ ಖಾಲಿ, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಎಡಕ್ಕೂ ಬಲಕ್ಕೂ ತೂಗುತ್ತದೆ. ಈ ಎರಡೂ ತೊಂದರೆಗೆ ಜನ ಡಯಲ್ ತಿರುಗಿಸುವುದನ್ನೇ ಮದ್ದು ಅಂದುಕೊಂಡಿದ್ದಾರೆ. ಡಯಲ್ ಎಳೆಯುವುದು ಒಳಗಿನ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಮಾತ್ರ. ಫೋಮಿನ ಗೋಡೆ ಅದರಿಂದ ಒಂದು ಕೂದಲೆಳೆಯಷ್ಟೂ ಹತ್ತಿರ ಬರುವುದಿಲ್ಲ. ಪಟ್ಟಿ ಬಿಗಿದು ತಲೆನೋವು ಬರುತ್ತದೆ, ಸಂದು ಸಂದಾಗಿಯೇ ಉಳಿಯುತ್ತದೆ. ಏಷ್ಯಾದ ಹಲವರ ತಲೆ ಅಗಲವಾಗಿರುವುದರಿಂದ ಕೆಲವು ಕಂಪನಿಗಳು ಪಕ್ಕದಲ್ಲಿ ಜಾಗ ಹೆಚ್ಚಿರುವ ‘ಏಷ್ಯನ್ ಫಿಟ್’ ಮಾಡುತ್ತವೆ. ಲೇಜರ್ ಕಂಪನಿಯ ಕೆಲವು ಮಾಡೆಲ್‌ಗಳಲ್ಲಿ ಇದು ಸಿಗುತ್ತದೆ. ಜಪಾನಿನ ಓಜಿಕೆ ಕಬುಟೊದ ಅಚ್ಚುಗಳೂ ದುಂಡು ತಲೆಯವರು ಹಾಕಿ ನೋಡಬೇಕಾದವೇ. ಕಣತಲೆ ಹಿಂಡುತ್ತದೆ ಅಂತ ಒಂದು ಸೈಜು ದೊಡ್ಡದಕ್ಕೆ ಹೋಗುವ ಬದಲು ಅಚ್ಚು ಬದಲಿಸುವುದು ಮೇಲು.

ಸಂದು ಇದ್ದರೇನು ಅನ್ನುವವರಿಗೆ: ಹೆಲ್ಮೆಟ್ಟಿನ ಕೆಲಸ ಮಾಡುವುದು ಇಪಿಎಸ್ ಫೋಮು. ಥರ್ಮಾಕೋಲಿನ ಜಾತಿಯದೇ, ಆದರೆ ಹೆಚ್ಚು ಗಟ್ಟಿ. ಏಟು ಬಿದ್ದಾಗ ಅದು ಕುಗ್ಗಿ, ತಲೆ ನಿಲ್ಲಲು ಬೇಕಾದ ಕೆಲವು ಮಿಲಿಸೆಕೆಂಡು ಗಳಿಸಿಕೊಡುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ (ಸಿಪಿಎಸ್‌ಸಿ) ಪರೀಕ್ಷೆಯಲ್ಲಿ ಹೆಲ್ಮೆಟ್ ತೊಡಿಸಿದ ಕೃತಕ ತಲೆಯನ್ನು 2 ಮೀಟರ್ ಎತ್ತರದಿಂದ ಚಪ್ಪಟೆ ಉಕ್ಕಿನ ಮೇಲೆ ಬೀಳಿಸುತ್ತಾರೆ. ಒಳಗಿನ ತಲೆಯ ವೇಗೋತ್ಕರ್ಷ 300 ಜಿ, ಅಂದರೆ ಭೂಮಿಯ ಗುರುತ್ವದ 300 ಪಟ್ಟು, ದಾಟಬಾರದು. ಯುರೋಪಿನ ಸೈಕಲ್ ಹೆಲ್ಮೆಟ್ ಮಾನದಂಡ ಇಎನ್ 1078ರಲ್ಲಿ ಬೀಳುವ ವೇಗ ಸೆಕೆಂಡಿಗೆ 5.42 ಮೀಟರ್, ಮಿತಿ 250 ಜಿ. ಸಿಪಿಎಸ್‌ಸಿಯಲ್ಲಿ ಇನ್ನೊಂದು ಪರೀಕ್ಷೆಯಿದೆ, ಅದರ ಬಗ್ಗೆ ಮಾತು ಕಡಿಮೆ: ಹೆಲ್ಮೆಟ್ಟಿನ ಅಂಚಿಗೆ ಕೊಕ್ಕೆ ಹಾಕಿ, 4 ಕಿಲೋ ತೂಕವನ್ನು 0.6 ಮೀಟರ್ ಬೀಳಿಸಿ ಎಳೆಯುತ್ತಾರೆ. ಹೆಲ್ಮೆಟ್ ಸ್ವಲ್ಪ ಜರುಗಬಹುದು, ಕಳಚಬಾರದು. ಇದೆಲ್ಲ ನಡೆಯುವುದು ಅಳತೆಗೆ ಸರಿಹೊಂದುವ ಕೃತಕ ತಲೆಯ ಮೇಲೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 2018ರಿಂದ ಸೈಕಲ್ ಹೆಲ್ಮೆಟ್ಟುಗಳನ್ನು ಪರೀಕ್ಷಿಸಿ ಕೊಡುತ್ತಿರುವ ಸ್ಟಾರುಗಳೂ ಹಾಗೆಯೇ. ಐದು ಸ್ಟಾರ್ ಇದ್ದರೆ ಒಳ್ಳೆಯದೇ, ಆದರೆ ಅದು ನಿಮ್ಮ ಬುರುಡೆಯನ್ನು ನೋಡಿ ಕೊಟ್ಟದ್ದಲ್ಲ.

ಹಾಕಿ ನೋಡುವ ಕ್ರಮ ಹೀಗೆ. ಡಯಲ್ ಪೂರ್ತಿ ಸಡಿಲಿಸಿ, ಹೆಲ್ಮೆಟ್ ನೆಲಕ್ಕೆ ಸಮಾನಾಂತರವಾಗಿ ಕೂರುವಂತೆ ಇಡಿ. ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಲಿ. ಹಿಂದಿನ ತೊಟ್ಟಿಲಿನಂಥ ಪಟ್ಟಿ ಹಿಂದಲೆಯ ಉಬ್ಬಿನ ಕೆಳಗೆ ಕೂರಬೇಕು. ಅದನ್ನು ಮೇಲೆ ಕೆಳಗೆ ಸರಿಸಲು ಒಳಗಡೆ ಮೂರ್ನಾಲ್ಕು ಮೆಟ್ಟಿಲುಗಳಿರುತ್ತವೆ. ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ, ಅಂಗಡಿಯಿಂದ ಬಂದ ಹಾಗೆಯೇ ವರ್ಷಗಟ್ಟಲೆ ಓಡಿಸುತ್ತಾರೆ. ಈಗ ಡಯಲ್ ತಿರುಗಿಸಿ, ಗದ್ದದ ಬಕಲ್ ಹಾಕದೆ ಮುಂದಕ್ಕೆ ಬಾಗಿ ತಲೆ ಅಲ್ಲಾಡಿಸಿ. ಬೀಳಬಾರದು. ಕೈಯಿಂದ ಹೆಲ್ಮೆಟ್ಟನ್ನು ಮೆಲ್ಲಗೆ ಆಚೀಚೆ ತಿರುಗಿಸಿದರೆ ಹಣೆಯ ಚರ್ಮವೂ ಹುಬ್ಬೂ ಅದರೊಂದಿಗೇ ಜರುಗಬೇಕು. ಹಣೆ ನಿಂತಲ್ಲೇ ನಿಂತು ಹೆಲ್ಮೆಟ್ ಮಾತ್ರ ತಿರುಗಿದರೆ ಅದನ್ನು ಕೆಳಗಿಡಿ. ಮಿಪ್ಸ್ ಎಂಬ ಜಾರುವ ಒಳಪದರ ಇರುವ ಹೆಲ್ಮೆಟ್ಟಿನಲ್ಲಿ ಆ ಪದರ 10–15 ಮಿ.ಮೀ. ಜಾರುವಂತೆಯೇ ಮಾಡಿರುತ್ತಾರೆ, ಓರೆ ಏಟಿನಲ್ಲಿ ತಲೆ ತಿರುಚುವ ಬಲ ತಗ್ಗಿಸಲು. ಅಲ್ಲಿ ಹೊರಚಿಪ್ಪು ಸ್ವಲ್ಪ ಅಲುಗಿದರೆ ಗಾಬರಿ ಬೇಡ, ಒಳಪದರ ತಲೆಗೆ ಅಂಟಿದಂತಿದ್ದರೆ ಆಯಿತು. ಆ ಪದರವೂ ಒಂದಿಷ್ಟು ಜಾಗ ತಿನ್ನುವುದರಿಂದ, ಅದೇ ಮಾಡೆಲಿನ ಮಿಪ್ಸ್ ಇಲ್ಲದ್ದು ಹೊಂದಿದರೂ ಇದ್ದದ್ದು ಬಿಗಿಯಾಗಬಹುದು.

ಗದ್ದದ ಬಕಲ್ಲಿಗೆ ಇಳಿಯುವ ಪಟ್ಟಿಗಳು ಆಮೇಲೆ. ಮುಂದಿನದೂ ಹಿಂದಿನದೂ ಕಿವಿಯ ಹಾಲೆಯ ಸ್ವಲ್ಪ ಕೆಳಗೆ ಕೂಡಬೇಕು, ಎಲ್ಲೂ ತಿರುಚಿಕೊಂಡಿರಬಾರದು. ಗದ್ದದ ಕೆಳಗೆ ಒಂದೆರಡು ಬೆರಳು ತೂರುವಷ್ಟೇ ಸಡಿಲ. ಆಕಳಿಸುವ ಹಾಗೆ ಬಾಯಿ ಅಗಲಿಸಿದರೆ ಹೆಲ್ಮೆಟ್ ನೆತ್ತಿಯ ಮೇಲೆ ಒತ್ತಿದಂತೆ ಆಗಬೇಕು. ಮುಂಭಾಗವನ್ನು ಅಂಗೈಯಿಂದ ಮೇಲಕ್ಕೆ ತಳ್ಳಿದಾಗ ಹಿಂದಕ್ಕೆ ವಾಲಿ ಹಣೆ ಬಯಲಾದರೆ ಮುಂದಿನ ಪಟ್ಟಿ ಉದ್ದವಾಗಿದೆ, ಕಿವಿಯ ಕೆಳಗೆ ಎರಡು ಪಟ್ಟಿಗಳನ್ನು ಕೂಡಿಸುವ ಜಾರುಕ್ಲಿಪ್ಪನ್ನು ಮುಂದಕ್ಕೆ ತಂದು ಅದನ್ನು ಗಿಡ್ಡ ಮಾಡಿ. ಹಿಂದಿನಿಂದ ತಳ್ಳಿದಾಗ ಕಣ್ಣಿನ ಮೇಲೆ ಬಂದರೆ ಹಿಂದಿನ ಪಟ್ಟಿಯನ್ನು ಬಿಗಿ ಮಾಡಿ.

ರೋಡ್ ಸವಾರರು ನಿಂತುಕೊಂಡು ಕನ್ನಡಿ ನೋಡಿ ಕೊಳ್ಳಬಾರದು. ಕೈಯನ್ನು ಡ್ರಾಪ್‌ನಲ್ಲಿ, ಅಂದರೆ ಹ್ಯಾಂಡಲ್ಲಿನ ಕೆಳಗೆ ಬಾಗಿದ ಭಾಗದಲ್ಲಿ, ಇಟ್ಟಂತೆ ಸೊಂಟದಿಂದ ಬಾಗಿ, ಕತ್ತೆತ್ತಿ ದೂರದ ರಸ್ತೆ ನೋಡುವ ಭಂಗಿಯಲ್ಲಿ ಒಂದು ನಿಮಿಷ ಇರಿ. ಹಿಂದಿನ ಅಂಚು ಕತ್ತಿಗೆ ತಾಗಿ ಹೆಲ್ಮೆಟ್ಟನ್ನು ಮುಂದಕ್ಕೆ ನೂಕುತ್ತದೆಯೇ, ಮುಂದಿನ ಅಂಚು ನೋಟಕ್ಕೆ ಅಡ್ಡ ಬರುತ್ತದೆಯೇ ಎಂಬುದು ಆಗಲೇ ತಿಳಿಯುವುದು. ರೋಡ್ ಹೆಲ್ಮೆಟ್ಟಿಗೆ ಮುಂದೆ ಟೋಪಿಯ ಅಂಚಿನಂಥ ಚಾಚು ಇಲ್ಲದಿರುವುದಕ್ಕೂ ಇದೇ ಕಾರಣ. ಅಡ್ಡ ಬಂತು ಅಂತ ಹೆಲ್ಮೆಟ್ಟನ್ನು ನೆತ್ತಿಯ ಹಿಂದಕ್ಕೆ ತಳ್ಳಿಕೊಂಡು ಓಡಿಸುವವರನ್ನು ದಿನಾ ನೋಡುತ್ತೇವೆ. ಮುಗ್ಗರಿಸಿ ಬಿದ್ದಾಗ ಹಣೆಗೆ ಅಲ್ಲಿ ಏನೂ ಇರುವುದಿಲ್ಲ. ಸವಾರಿಗೆ ಹಾಕುವ ಕನ್ನಡಕವನ್ನೂ ಒಯ್ಯಿರಿ. ಅದರ ಕಡ್ಡಿ ಪಕ್ಕದ ಪಟ್ಟಿಗೆ ತಾಗಿ ಮೇಲೇಳುತ್ತಿದ್ದರೆ ದಾರಿಯುದ್ದಕ್ಕೂ ಮೂಗಿನಿಂದ ಜಾರುತ್ತಿರುತ್ತದೆ.

ಕೊನೆಗೆ, ಮನೆಯಲ್ಲಿ 20 ನಿಮಿಷ ತೊಟ್ಟುಕೊಂಡಿರಿ. ತೆಗೆದಾಗ ಹಣೆಯ ಮೇಲೆ ಪ್ಯಾಡಿನ ಅಗಲದ ತಿಳಿ ಗುರುತು ಇದ್ದರೆ ಪರವಾಗಿಲ್ಲ. ಒಂದೇ ಕಡೆ ನಾಣ್ಯದಷ್ಟು ಕೆಂಪಾಗಿ ನೋಯುತ್ತಿದ್ದರೆ ಲೇಬಲ್ ಕೀಳುವ ಮೊದಲೇ ಹಿಂದಿರುಗಿಸಿ. ಫೋಮು ಬಳಸುತ್ತಾ ಬಳಸುತ್ತಾ ಚಪ್ಪಲಿಯ ಹಾಗೆ ಹದಕ್ಕೆ ಬರುವ ವಸ್ತುವಲ್ಲ. ನೋಯುವ ಜಾಗವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜುವುದು, ಚಮಚದಿಂದ ಒತ್ತಿ ತಗ್ಗು ಮಾಡುವುದು ಸುತರಾಂ ಕೂಡದು, ಅಲ್ಲೇ ಕುಗ್ಗಬೇಕಾದ ಫೋಮನ್ನು ಮೊದಲೇ ಖರ್ಚು ಮಾಡಿದಂತಾಗುತ್ತದೆ. ದಪ್ಪ ಪ್ಯಾಡ್ ಹಾಕಿ ದೊಡ್ಡ ಹೆಲ್ಮೆಟ್ಟನ್ನು ತುಂಬಿಸುವುದೂ ಅಷ್ಟೇ. ಸ್ಪಂಜು ಏಟಿನಲ್ಲಿ ಕಾಗದದಂತೆ ಕುಗ್ಗುತ್ತದೆ.

ಹೊಂದಿಸಿದ ಮೇಲೆ ಗದ್ದದ ಪಟ್ಟಿಯ ಉಳಿದ ತುದಿಯನ್ನು 3–4 ಸೆಂ.ಮೀ. ಬಿಟ್ಟು ಕತ್ತರಿಸಬಹುದು. ಎಳೆ ಬಿಡದಂತೆ ಸುಡುವಾಗ ಬೆಂಕಿಯನ್ನು ಫೋಮಿನಿಂದ ದೂರ ಇಡಿ. ಜಾರುಕ್ಲಿಪ್ಪುಗಳು ಬೆವರಿಗೆ ಸಡಿಲಾಗುತ್ತವೆ, ತಿಂಗಳಿಗೊಮ್ಮೆ ಅಂಗೈಯಿಂದ ತಳ್ಳಿ ನೋಡುವುದನ್ನು ಚೈನಿಗೆ ಎಣ್ಣೆ ಬಿಡುವ ದಿನಕ್ಕೆ ಸೇರಿಸಿಕೊಂಡರೆ ಮರೆಯುವುದಿಲ್ಲ.