23 ಲೀಟರ್ ಬಿಟರ್, ಎರಡು ಡಬ್ಬಿ ಮಾಲ್ಟ್ ಪಾಕ

12 ಅಕ್ಟೋಬರ್ 2024, ಶನಿವಾರ
ಮ್ಯಾಂಚೆಸ್ಟರ್

ಇವತ್ತು ಒಲೆ ಏರಿದ್ದು ಬೆಸ್ಟ್ ಬಿಟರ್, ಅಂದರೆ ಇಂಗ್ಲೆಂಡಿನ ಕಹಿ ರುಚಿಯ ಏಲ್ ಬಗೆಯ ಬಿಯರ್. ತೆಳು ಬಣ್ಣದ ಮಾಲ್ಟ್ ಪಾಕ 1.5 ಕೆಜಿಯ ಎರಡು ಡಬ್ಬಿ, ಬಣ್ಣಕ್ಕೂ ಸಿಹಿಗೂ ಹುರಿದ ಕ್ರಿಸ್ಟಲ್ ಮಾಲ್ಟ್ ಕಾಳು 250 ಗ್ರಾಂ, ಕಹಿಗೂ ಪರಿಮಳಕ್ಕೂ ಹಾಪ್ಸ್ ಹೂವಿನ ಎರಡು ತಳಿ (ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 70 ಗ್ರಾಂ, ಫಗಲ್ಸ್ 20 ಗ್ರಾಂ), ಇಂಗ್ಲಿಷ್ ಏಲ್‌ನ ಒಣ ಯೀಸ್ಟ್ 11.5 ಗ್ರಾಂ.

ಈ ಪಾಕ ಎಂದರೆ ಮೊಳಕೆ ಬರಿಸಿದ ಬಾರ್ಲಿಯ ಸಿಹಿನೀರನ್ನು ಜೋನಿ ಬೆಲ್ಲದ ಹದಕ್ಕೆ ಇಂಗಿಸಿದ್ದು, ಅಷ್ಟೇ. ಡಬ್ಬಿ ಪಾಕದ ಬಿಯರ್‌ಗೆ ಅದರದ್ದೇ ಒಂದು ವಾಸನೆ ಅನ್ನುವವರು ಬಹಳ. ಆ ವಾಸನೆ ಹೆಚ್ಚಾಗಿ ಹಳೇ ಪಾಕದ್ದು. ಬೆಚ್ಚಗಿನ ಜಾಗದಲ್ಲಿ ತಿಂಗಳುಗಟ್ಟಲೆ ಕೂತರೆ ಪಾಕ ಕಪ್ಪಾಗುತ್ತದೆ, ರುಚಿಯೂ ಕೆಡುತ್ತದೆ; ತಾರೀಖು ನೋಡದೆ ಕೊಳ್ಳಬಾರದು. ಒಂದು ಡಬ್ಬಿಗೆ ಒಂದು ಕೆಜಿ ಸಕ್ಕರೆ ಬೆರೆಸುವ ಅಗ್ಗದ ದಾರಿಯೂ ಉಂಟು. ಸಕ್ಕರೆಯೆಲ್ಲ ಯೀಸ್ಟ್ ಪಾಲಾಗಿ, ಉಳಿಯುವುದು ನೀರುನೀರಾದ ಬಿಯರ್.

ಇಲ್ಲಿಯ ನಲ್ಲಿ ನೀರು ಲೇಕ್ ಡಿಸ್ಟ್ರಿಕ್ಟ್‌ನಿಂದ ಬರುವಂಥದ್ದು, ಬಲು ಮೆದು. ಬಿಯರ್ ತಯಾರಿಕೆಗೆ ಹೆಸರಾದ ಊರು ಬರ್ಟನ್ ಅಪಾನ್ ಟ್ರೆಂಟ್‌ನ ಬಾವಿಗಳಲ್ಲಿ ಜಿಪ್ಸಂ ಎಂಬ ಲವಣ ಜಾಸ್ತಿ, ಅಲ್ಲಿಯ ಏಲ್‌ನ ಕಹಿ ಚುರುಕಾಗಿರುವುದು ಅದರಿಂದ. ಇಲ್ಲಿಯ ಮೆದು ನೀರಿಗೆ 5 ಗ್ರಾಂ ಜಿಪ್ಸಂ ಸಾಕು, ಪಾಕದಲ್ಲೇ ಲವಣ ಇರುತ್ತದೆ. ಕ್ಲೋರಿನ್ ಕಳೆಯಲು ಪೂರ್ತಿ 23 ಲೀಟರ್‌ಗೆ ಅರ್ಧ ಕ್ಯಾಂಪ್ಡೆನ್ ಮಾತ್ರೆ. ಇದನ್ನು ಮರೆತರೆ ಬಿಯರ್ ಆಸ್ಪತ್ರೆಯ ಹಾಗೆ ನಾರುತ್ತದೆ, ಆಮೇಲೆ ಏನು ಮಾಡಿದರೂ ಹೋಗದು.

ಕ್ರಿಸ್ಟಲ್ ಮಾಲ್ಟನ್ನು ತೆಳು ಬಟ್ಟೆಯ ಚೀಲಕ್ಕೆ ಹಾಕಿ, 3 ಲೀಟರ್ ನೀರಿನಲ್ಲಿ 68 ಡಿಗ್ರಿಗೆ ಅರ್ಧ ಗಂಟೆ ನೆನೆಸಿದ್ದು. ಕುದಿಸಿದರೆ ಸಿಪ್ಪೆಯ ಒಗರು ಬಿಡುತ್ತದೆ. ಚೀಲ ತೆಗೆದು ನೀರನ್ನು 11 ಲೀಟರ್‌ಗೆ ಏರಿಸಿ, ಮೊದಲು ಒಂದೇ ಕೆಜಿ ಪಾಕ. ಸುರಿಯುವಾಗ ಒಲೆ ಆರಿಸಿರಬೇಕು. ಪಾಕ ನೇರ ತಳಕ್ಕೆ ಇಳಿದು ಸೀಯುತ್ತದೆ, ಸೀದ ರುಚಿ 23 ಲೀಟರ್‌ಗೂ ಹಬ್ಬುತ್ತದೆ. ಸೌಟು ತಳಕ್ಕೆ ತಾಗಿದಾಗ ಜಿಗುಟು ಅನ್ನಿಸದಿದ್ದರೆ ಮತ್ತೆ ಒಲೆ ಹಚ್ಚಬಹುದು.

ಉಳಿದ 2 ಕೆಜಿ ಕೊನೆಯ ಹತ್ತು ನಿಮಿಷಕ್ಕೆ. ಮೊದಲೇ ಎಲ್ಲ ಹಾಕಿದರೆ ದ್ರಾವಣ ಮಂದವಾಗಿ ಹಾಪ್ಸ್‌ನ ಕಹಿ ಸರಿಯಾಗಿ ಇಳಿಯುವುದಿಲ್ಲ, ಬಣ್ಣವೂ ಕಂದುಗಟ್ಟುತ್ತದೆ. ಕುದಿ ಬಂದೊಡನೆ ಶೇ 5 ಆಲ್ಫಾ ಆಮ್ಲದ (ಕಹಿ ಕೊಡುವ ಅಂಶ) ಗೋಲ್ಡಿಂಗ್ಸ್ 50 ಗ್ರಾಂ, ಅಲ್ಲಿಂದ ಒಂದು ಗಂಟೆ. ಹಾಪ್ಸ್ ಬಿದ್ದ ಕ್ಷಣ ಹಾಲು ಉಕ್ಕಿದ ಹಾಗೆ ನೊರೆ ಏಳುತ್ತದೆ, ಪಾತ್ರೆ ಬಿಟ್ಟು ಕದಲುವಂತಿಲ್ಲ. ಹತ್ತು ನಿಮಿಷ ಇರುವಾಗ ಫಗಲ್ಸ್; ಒಲೆ ಆರಿಸಿದ ಮೇಲೆ ಉಳಿದ 20 ಗ್ರಾಂ ಗೋಲ್ಡಿಂಗ್ಸ್, ಪರಿಮಳಕ್ಕೆ. ಕಹಿ ಸುಮಾರು 30 ಐಬಿಯು (ಬಿಯರ್ ಕಹಿಯ ಅಳತೆ).

ಐಸ್ ನೀರಿನಲ್ಲಿ ಪಾತ್ರೆ ಇಳಿಸಿ 30 ಡಿಗ್ರಿಗೆ ತಂದು, ಸ್ಯಾನಿಟೈಸ್ ಮಾಡಿದ ಬಕೆಟ್ಟಿಗೆ ಬಗ್ಗಿಸಿ, 12 ಡಿಗ್ರಿಯ ತಣ್ಣೀರು 23 ಲೀಟರ್ ಗುರುತಿನವರೆಗೆ. ಬಂದದ್ದು 20 ಡಿಗ್ರಿ.

ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ (ನೀರಿಗೆ 1.000; ಯೀಸ್ಟ್ ಸಿಹಿ ತಿಂದಂತೆ ಅಂಕಿ ಇಳಿಯುತ್ತದೆ) ಮೊದಲು 1.028 ತೋರಿಸಿತು. ಗಾಬರಿಯಾಗಿ ಸಕ್ಕರೆ ಸುರಿಯುವವರಿದ್ದಾರೆ, ಬೇಡ. ಪಾಕ ಕೆಳಗೆ, ನೀರು ಮೇಲೆ ನಿಂತಿರುತ್ತದೆ. ಐದು ನಿಮಿಷ ಜೋರಾಗಿ ಕಲಕಿದ ಮೇಲೆ 1.041, ಲೆಕ್ಕಕ್ಕೆ ಸರಿ. ಈ ಕಲಕಾಟದಲ್ಲೇ ಯೀಸ್ಟ್‌ಗೆ ಬೇಕಾದ ಗಾಳಿಯೂ ಸೇರುತ್ತದೆ. ಇಲ್ಲಿಂದಾಚೆ ಮಾತ್ರ ಗಾಳಿ ಸೋಕಬಾರದು, ಬಿಯರ್ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ.

ಯೀಸ್ಟ್ ಉದುರಿಸಿದ್ದು ರಾತ್ರಿ 8:40ಕ್ಕೆ. 18ರಿಂದ 20 ಡಿಗ್ರಿಯೊಳಗೆ ಇರಬೇಕು. ಪಾಕದ ಬಿಯರ್ 1.020ರ ಆಸುಪಾಸಿನಲ್ಲಿ ನಿಂತುಬಿಡುವುದುಂಟು. ರಾತ್ರಿ ಚಳಿಗೆ ಯೀಸ್ಟ್ ಗಸಿಯಾಗಿ ಕೂತಿದ್ದರೆ 20 ಡಿಗ್ರಿಗೆ ತಂದು ಬಕೆಟ್ಟನ್ನು ಮೆಲ್ಲಗೆ ಅಲುಗಿಸಿ ಗಸಿ ಎಬ್ಬಿಸಬೇಕು. ಏರ್‌ಲಾಕ್ (ಮುಚ್ಚಳದಲ್ಲಿ ಗ್ಯಾಸ್ ಹೊರಬಿಡುವ ಕೊಳವೆ) ಗುಳುಗುಳು ನಿಂತಿತೆಂದು ಬಾಟಲಿಗೆ ತುಂಬಿದರೆ ಬಾಟಲಿ ಸಿಡಿದೀತು. 1.011ರ ಹತ್ತಿರ ಬಂದು ಮೂರು ದಿನ ಅಂಕಿ ಅಲುಗದಿದ್ದರೆ ಮಾತ್ರ ತುಂಬುವುದು, ಬಾಟಲಿಯಲ್ಲಿ ಗ್ಯಾಸ್ ಹುಟ್ಟಲು ಒಟ್ಟು 80 ಗ್ರಾಂ ಸಕ್ಕರೆ ಕುದಿಸಿ ಬೆರೆಸಿ. ಗ್ಯಾಸ್ ಹೆಚ್ಚಿರುವ ಲಾಗರ್ ಬಿಯರ್ ಕುಡಿದು ಅಭ್ಯಾಸವಾದ ನಾಲಿಗೆಗೆ ಗ್ಯಾಸ್ ಕಮ್ಮಿ ಅನ್ನಿಸೀತು. ಬಿಟರ್‌ಗೆ ಅಷ್ಟೇ ಬೇಕಾದದ್ದು.