ಮಿರಗ ಕೂಡಿದ ಮೇಲೆ

9 ಜೂನ್ 2024, ಭಾನುವಾರ
ಬೆಟಗೇರಿ, ರಾತ್ರಿ 11

ಎರಡು ತಿಂಗಳ ಮೇಲೆ ಇವತ್ತು ಊರಿಗೆ ಹೋಗಿ ಬಂದೆ. ಅಣ್ಣನ ಜೋಡಿ ಮಾತಾಡಿದೆ.

ಏಪ್ರಿಲ್ 9, ಯುಗಾದಿ ದಿನ, ಹೋಳಿಗೆ ಬಡಿಸಿದ ಎಲೆಯ ಮುಂದೆ ಕೂತೇ ಜಗಳಾಡಿದ್ದೆವು. ಚುನಾವಣೆ ಮಾತು. ಯಾರು ಯಾವ ಕಡೆ ಎಂದು ಇಲ್ಲಿ ಬರೆಯುವುದಿಲ್ಲ. ಸರ್ಕಾರಿ ಶಾಲೆಯ ಮಾಸ್ತರನಾಗಿ ಬರೆಯಲೂಬಾರದು. ಅಣ್ಣ ನನ್ನನ್ನು ದೇಶದ್ರೋಹಿ ಎಂದ. ನಾನು ಅವನಿಗೆ ಬುದ್ಧಿ ಅಡವಿಟ್ಟಾಂವ ಎಂದೆ. ಅಲ್ಲಿಗೂ ಮುಗಿಯಲಿಲ್ಲ. ಅವತ್ತು ರಾತ್ರಿ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ, ಹುಬ್ಬಳ್ಳಿ, ಪುಣೆಯ ಬೀಗರು-ಬಿಜ್ಜರೆಲ್ಲ ಓದುವ ಹಾಗೆ, ಅದೇ ಮಾತನ್ನು ಮತ್ತೊಮ್ಮೆ ಬರೆದ. ನಾನು ಗ್ರೂಪು ಬಿಟ್ಟೆ. ಅವ್ವನಿಗೆ ಫೋನ್ ಮಾಡಿದಾಗಲೂ ಅವನ ಸುದ್ದಿ ಕೇಳಲಿಲ್ಲ.

ಮೇ 7ಕ್ಕೆ ನಮ್ಮ ಕಡೆ ಮತದಾನ. ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ನನಗೆ ಪಿಆರ್‌ಒ, ಅಂದರೆ ಮತಗಟ್ಟೆ ಅಧ್ಯಕ್ಷಾಧಿಕಾರಿಯ ಡ್ಯೂಟಿ. ನಸುಕಿನಲ್ಲೇ ಅಣಕು ಮತದಾನ: ಕನಿಷ್ಠ 50 ವೋಟು ಒತ್ತಿ, ಏಜೆಂಟರ ಎದುರಿಗೆ ಎಣಿಸಿ ತೋರಿಸಿ, ಮಷೀನು ಕ್ಲಿಯರ್ ಮಾಡಿ ಸೀಲು ಹಾಕಬೇಕು. ಎರಡು ಪಕ್ಷದ ಏಜೆಂಟರು ಒಂದೇ ಬೆಂಚಿನ ಮೇಲೆ, ನಡುವೆ ಒಂದಾಳು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಮಧ್ಯಾಹ್ನ ಒಬ್ಬನಿಗೆ ಮನೆಯಿಂದ ಬುತ್ತಿ ಬಂತು. ಬಿಚ್ಚಿದವನು ಒಂದು ರೊಟ್ಟಿ ತೆಗೆದು, ಮೇಲೆ ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿ, ಏನೂ ಅನ್ನದೆ ಆ ಕಡೆಯವನ ಕೈಗೆ ಕೊಟ್ಟ. ಅವನೂ ಏನೂ ಅನ್ನದೆ ತಿಂದ. ಕೈ ತೊಳೆದು ಬಂದು ಹತ್ತು ನಿಮಿಷವಾಗಿರಲಿಲ್ಲ, ಒಬ್ಬ ಅಜ್ಜಿಯ ಗುರುತಿನ ಚೀಟಿ ಹಿಡಿದು ಇಬ್ಬರೂ ಮತ್ತೆ ಜಗಳ ತೆಗೆದರು. ಸಂಜೆ ಕ್ಲೋಸ್ ಬಟನ್ ಒತ್ತಿದ ಮೇಲೆ ಬಿದ್ದ ಮತಗಳ ಲೆಕ್ಕದ 17ಸಿ ಫಾರ್ಮು ತುಂಬಿ ಇಬ್ಬರಿಗೂ ಪ್ರತಿ ಕೊಟ್ಟೆ. ಒಬ್ಬನ ಬಳಿ ಪೆನ್ನಿರಲಿಲ್ಲ. ಇನ್ನೊಬ್ಬನ ಪೆನ್ನು ತಗೊಂಡು ಸಹಿ ಹಾಕಿದ.

ಇಂಥ ಮತಗಟ್ಟೆಗಳು ದೇಶದಲ್ಲಿ ಹತ್ತೂವರೆ ಲಕ್ಷ. 64 ಕೋಟಿಗೂ ಹೆಚ್ಚು ಜನ ಅಲ್ಲಿ ಸರದಿ ನಿಂತು ವೋಟು ಹಾಕಿದ್ದಾರೆ. ಜೂನ್ 4ರ ರಾತ್ರಿ ಟಿವಿಯಲ್ಲಿ ಗೆದ್ದವರೂ ಸೋತವರೂ ಕೂಗಾಡುವಾಗ ನನಗೆ ಆ ಬೆಂಚು ನೆನಪಾಯಿತು. ಗುರುತಿಲ್ಲದ ಊರಿನ ಇಬ್ಬರಿಗೆ ಆದದ್ದು ನಮ್ಮ ಪಡಸಾಲೆಯಲ್ಲಿ ಆಗಲಿಲ್ಲವಲ್ಲ ಎಂದು ಸಂಕಟವಾಯಿತು.

ಮೊನ್ನೆ ಅವ್ವ ಫೋನ್ ಮಾಡಿದಳು. ಮೃಗಶಿರಾ ಮಳೆಗೆ ನಮ್ಮ ಕಡೆ ಮಿರಗ ಅನ್ನುತ್ತಾರೆ. "ಮಿರಗ ಕೂಡೇತಿ ತಮ್ಮಾ. ಹದಾ ಛಲೋ ಐತಿ, ಐತವಾರ ಹೆಸರು ಬಿತ್ತತಾರ. ನೀ ಬರಲಿಲ್ಲಂದ್ರ ನಾನೂ ಹೊಲಕ್ಕ ಹೋಗಂಗಿಲ್ಲ ನೋಡು."

ಕಣಗಿನಹಾಳದ ಮೇಲೆಯೇ ನಮ್ಮೂರಿಗೆ ದಾರಿ. 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಊರು. ಶಾಲೆಯಲ್ಲಿ ಪ್ರತಿವರ್ಷ ಈ ಪಾಠ ಮಾಡುತ್ತೇನೆ. ಅಂದಿನ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಮಿತಿಯಿಲ್ಲದ ಹೊಣೆ: ಒಬ್ಬ ಸಾಲ ಮುಳುಗಿಸಿದರೆ ಉಳಿದವರೆಲ್ಲ ತಮ್ಮ ಹೊಲಮನೆ ಸಮೇತ ಅದಕ್ಕೆ ಬಾಧ್ಯರು. ಆಗಲೂ ಊರಲ್ಲಿ ಪಾರ್ಟಿ ಇದ್ದೇ ಇರುತ್ತವೆ, ದಾಯಾದಿ ಜಗಳ ಇದ್ದೇ ಇರುತ್ತವೆ. ಆದರೂ ಒಬ್ಬರ ಸಾಲಕ್ಕೆ ಒಬ್ಬರು ಹೆಬ್ಬೆಟ್ಟು ಒತ್ತಿದ್ದಾರೆ. ಬಸ್ಸು ಆ ಊರು ದಾಟುವಾಗ ಇವತ್ತು ಮೊದಲ ಸಲ ಅದು ಪಾಠವಾಗಿ ಅಲ್ಲ, ನನಗೇ ಯಾರೋ ಹೇಳಿದ ಮಾತಾಗಿ ಕೇಳಿಸಿತು.

ಹೊಲದಲ್ಲಿ ಕೂರಿಗೆ ಪೂಜೆ ಆಗಲೇ ಮುಗಿದಿತ್ತು. ಎತ್ತು ನೋಡಿ ನಿಂತುಬಿಟ್ಟೆ. ಒಂದು ನಮ್ಮದು, ಇನ್ನೊಂದು ಮಗ್ಗಲ ಹೊಲದ ಕಾಕಾನದು. ಹೋದ ವರ್ಷದ ಬರ ಸಣ್ಣದೇ? ರಾಜ್ಯದ 223 ತಾಲೂಕು ಬರದ ಪಟ್ಟಿಗೆ ಸೇರಿದ್ದವು. ಮೇವಿಲ್ಲದೆ ಅಣ್ಣ ಒಂದೆತ್ತು ಮಾರಿದ್ದು ಗೊತ್ತಿತ್ತು. ಕಾಕಾನ ಕೊಟ್ಟಿಗೆಯಲ್ಲೂ ಒಂದೇ ಉಳಿದಿದೆ ಎಂಬುದು ಗೊತ್ತಿರಲಿಲ್ಲ. ಆ ಕಾಕಾ ಈ ಸಲ ಅಣ್ಣ ಬಯ್ಯುವ ಪಕ್ಷದ ಬೂತ್ ಏಜೆಂಟ್. ಅವರದು ಎತ್ತರದ ಎತ್ತು, ನಮ್ಮದು ಗಿಡ್ಡ. ನೊಗ ಓರೆಯಾಗಿ ಕೂರಿಗೆ ಒಂದು ಕಡೆ ಆಳಕ್ಕೆ, ಒಂದು ಕಡೆ ತೇಲಿ ಹೋಗುತ್ತಿತ್ತು. ನಿಲ್ಲಿಸುವುದು, ಹಗ್ಗ ಬಿಚ್ಚಿ ಕಟ್ಟುವುದು, ನಾಲ್ಕು ಹೆಜ್ಜೆ ಹೊಡೆದು ನೋಡುವುದು. ಮೂರನೆಯ ಸಲಕ್ಕೆ ಸರಿಯಾಯಿತು. ವೈನಿ ಉಡಿಯಿಂದ ಹಿಡಿಹಿಡಿ ಕಾಳು ತೆಗೆದು, ಬಟ್ಟಲಿಗೆ ಒಂದೇ ಸಮನೆ ಬಿಡುತ್ತ ಹಿಂದೆ ನಡೆದಳು. ನಾನು ನೀರಿನ ಕೊಡ ಇಳಿಸಿದೆ. ಅಣ್ಣ ನನ್ನ ಕಡೆ ನೋಡಲಿಲ್ಲ.

ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದಾಗ ಕಾಕಾನೇ ಮಾತು ತೆಗೆದರು. "ಎಲೆಕ್ಷನ್ ಮುಗೀತಲ್ಲೋ, ಎಲ್ಲಾ ಮರತ ಬಿಡ್ರಿ."

ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಇನ್ನು ಎಲ್ಲರೂ ಒಂದು, ಮರೆತುಬಿಡಿ ಎನ್ನುವುದು ಬೈದವರಿಗೆ ಸುಲಭ. ನೀನು ಈ ದೇಶದವನೇ ಅಲ್ಲ ಅನ್ನಿಸಿಕೊಂಡವನು ಹೇಗೆ ಮರೆಯಬೇಕು? ನನಗಾದರೂ ಅಂದವನು ಒಡಹುಟ್ಟಿದವನು. ಈ ಮೂರು ತಿಂಗಳಲ್ಲಿ ಓಣಿಗೆ ಓಣಿಯೇ ಇಂಥ ಮಾತು ಕೇಳಿಸಿಕೊಂಡಿವೆ. ಅವರ ಬಳಿ ಹೋಗಿ ತಪ್ಪಾಯಿತು ಅನ್ನುವವರು ಯಾರು?

ಇಷ್ಟನ್ನೂ ಹೇಳಿದೆ. ದನಿ ನಡುಗಿತು. ಹೇಳಿದ ಮೇಲೆ, ನಾನು ಅಂದದ್ದೂ ತಪ್ಪೇ ಅಣ್ಣಾ, ಹನ್ನೆರಡು ತಾಸು ಹೊಲದಾಗ ದುಡಿಯೋ ನಿನ್ನ ಬುದ್ಧಿ ಬಗ್ಗೆ ನಾ ಹಂಗ ಅನ್ನಬಾರದಿತ್ತು ಎಂದೆ.

ಅಣ್ಣ ರೊಟ್ಟಿ ಮುರಿಯುತ್ತ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ ಅಂದ: "ನಾ ಹಾಕಿದ ಮತ ಹಿಂದಕ್ಕ ತಗೊಳ್ಳಂಗಿಲ್ಲ ತಮ್ಮಾ. ಆಡಿದ ಮಾತು ತಗೋತೀನಿ."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವೈನಿ ನನಗೆ ಇನ್ನೊಂದು ರೊಟ್ಟಿ ಹಾಕಿದಳು.

ಸಂಜೆ ಮನೆಯಲ್ಲಿ ಕಟ್ಟೆಯ ಮೇಲೆ ಕೂತು ಅಣ್ಣ ಚಸ್ಮಾ ಹಾಕಿಕೊಂಡು ಫೋನಿನಲ್ಲಿ ಯುಗಾದಿ ದಿನದ ಮೆಸೇಜು ಹುಡುಕಿದ. ಬಹಳ ಮೇಲೆ ಹೋಗಬೇಕಾಯಿತು. ಮುಂಜಿ, ಮದುವೆ, ಮಳೆಯ ಫೋಟೋ ಎಲ್ಲ ದಾಟಿ. ಸಿಕ್ಕಿತು. ಆದರೆ ಎರಡು ತಿಂಗಳ ಹಳೆಯದು, ಎಲ್ಲರ ಫೋನಿನಿಂದ ಅಳಿಸಲು ಬರುವುದಿಲ್ಲ. ಅವನ ಮಗಳು ಎರಡು ಸಲ ತೋರಿಸಿಕೊಟ್ಟಳು, ಆಗಲಿಲ್ಲ.

ಕೊನೆಯ ಬಸ್ಸಿಗೆ ಬೆಟಗೇರಿಗೆ ಬಂದೆ. ಕಾಲು ತೊಳೆಯುವಷ್ಟರಲ್ಲಿ ನನ್ನಾಕೆ ತನ್ನ ಫೋನು ಹಿಡಿದು ಬಂದಳು. ಅಣ್ಣ ಗ್ರೂಪಿನಲ್ಲಿ, ಆ ಹಳೆಯ ಮೆಸೇಜಿಗೇ ಉತ್ತರವಾಗಿ, ಬಳಗವೆಲ್ಲ ಓದುವ ಹಾಗೆ ಬರೆದಿದ್ದ: "ಇದು ನಾ ಬರದದ್ದು. ತಪ್ಪು ಬರದೇನಿ. ಇವತ್ತ ಹೆಸರು ಬಿತ್ತಿದಿವಿ, ತಮ್ಮನೂ ಬಂದಿದ್ದ."